ಕಪ್ಪು ಬಿಲ್ಲೆಯ ಬೆನ್ನು ಹತ್ತಿ

ರಾತ್ರಿ ಫರ್ನೇಸಿಗೆ ಇಟ್ಟಿದ್ದು ಕಪ್ಪು ಬಿಲ್ಲೆ. ಬೆಳಗ್ಗೆ ಇಕ್ಕಳದಲ್ಲಿ ಹಿಡಿದು ತೆಗೆದದ್ದು ಕೆಂಪು ಬಿಲ್ಲೆ, ಥೇಟ್ ಹೆಂಚಿನ ಚೂರು. ಪಕ್ಕದ ಬೆಂಚಿನಲ್ಲಿದ್ದ ಸೀನಿಯರ್ ಕತ್ತು ಚಾಚಿ ನೋಡಿದರು.

"ಗಾಳೀಲೇ ಸುಟ್ಟೆಯಾ?"

"ಹೂಂ ಅಕ್ಕ. 1100 ಡಿಗ್ರಿ, ಆರು ಗಂಟೆ."

"ತೂಕ ಹಾಕಿ ನೋಡು. ನೂರಕ್ಕೆ ಮೂರೂವರೆ ಏರಿರುತ್ತೆ."

ಇಡುವಾಗ 2.104 ಗ್ರಾಂ ಇತ್ತು. ಈಗ 2.176. ಲೆಕ್ಕ ಹಾಕಿದರೆ ನೂರಕ್ಕೆ 3.42. ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಕಪ್ಪು ಆಕ್ಸೈಡ್ ಗಾಳಿಯ ಆಮ್ಲಜನಕ ಹೀರಿ ಪೂರ್ತಿಯಾಗಿ ಹೆಮಟೈಟ್ ಅನ್ನುವ ಕೆಂಪು ಆಕ್ಸೈಡ್ ಆದರೆ ಏರಬೇಕಾದ್ದು 3.45. ಅಂದರೆ ನನ್ನ ಬಿಲ್ಲೆಯಲ್ಲಿ ಮ್ಯಾಗ್ನಟೈಟ್ ಹೆಚ್ಚುಕಡಿಮೆ ಉಳಿದೇ ಇರಲಿಲ್ಲ. ರಾತ್ರಿಯಿಡೀ ಕರೆಂಟು ಉರಿಸಿ ನಾನು ಮಾಡಿದ್ದು ದುಬಾರಿ ತುಕ್ಕು.

ಪ್ರಾಜೆಕ್ಟಿನ ಕೆಲಸ ಕಾಗದದ ಮೇಲೆ ಸುಲಭವಾಗಿಯೇ ಇತ್ತು. ಕಬ್ಬಿಣದ ಮ್ಯಾಗ್ನೆಟಿಕ್ ಆಕ್ಸೈಡ್‌ಗಳನ್ನು ತಯಾರಿಸಬೇಕು, ಅವುಗಳಲ್ಲಿ ಕರೆಂಟು ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆಯಬೇಕು, ಜೊತೆಗೆ ಸೀಬೆಕ್ ಗುಣಾಂಕ ಅಳೆಯಬೇಕು. ಸೀಬೆಕ್ ಅಂದರೆ ಇಷ್ಟೇ: ಒಂದು ತುಂಡಿನ ಒಂದು ತುದಿ ಬಿಸಿ ಮಾಡಿ, ಇನ್ನೊಂದು ತುದಿ ತಣ್ಣಗಿಟ್ಟರೆ ಎರಡರ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ಮೈಕ್ರೋವೋಲ್ಟ್ ಅನ್ನುವುದೇ ಆ ಗುಣಾಂಕ. ಎರಡೂ ಅಳತೆ ಮೂರು ವಾರದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಎಂಟು ತಿಂಗಳು ಹಿಡಿಯಿತು.

ಮ್ಯಾಗ್ನಟೈಟ್ ಅಂದರೆ ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕ. ಆ ಮೂರು ಕಬ್ಬಿಣದಲ್ಲಿ ಎರಡು ಫೆರಿಕ್, ಒಂದು ಫೆರಸ್. ಫೆರಸ್ ಹತ್ತಿರ ಒಂದು ಎಲೆಕ್ಟ್ರಾನ್ ಜಾಸ್ತಿ ಇರುತ್ತದೆ. ಅದು ಪಕ್ಕದ ಫೆರಿಕ್‌ಗೆ ಹಾರಿದರೆ ಇದು ಫೆರಿಕ್, ಅದು ಫೆರಸ್. ಈ ಹಾರಾಟವೇ ಮ್ಯಾಗ್ನಟೈಟ್‌ನ ಕರೆಂಟು. ಹೆಮಟೈಟ್‌ನಲ್ಲಿ ಇರುವುದೆಲ್ಲ ಫೆರಿಕ್ಕೇ. ಹಾರಿಸಲು ಎಲೆಕ್ಟ್ರಾನೇ ಇಲ್ಲ. ಕೆಂಪು ಬಿಲ್ಲೆಗೆ ಸುಮ್ನೆ ಮಲ್ಟಿಮೀಟರ್ ಮುಟ್ಟಿಸಿ ನೋಡಿದೆ. ಮೀಟರ್ ತನ್ನ ಕೈಲಿ ಆಗಲ್ಲ ಅಂತ ಓವರ್‌ಲೋಡ್ ತೋರಿಸಿತು.

ಪುಡಿ ಮಾಡುವ ಹಂತ ಮಾತ್ರ ಖುಷಿ ಕೊಟ್ಟಿತ್ತು, ಅದನ್ನು ಹೇಳಲೇಬೇಕು. ಫೆರಿಕ್ ಕ್ಲೋರೈಡ್ ಎರಡು ಪಾಲು, ಫೆರಸ್ ಕ್ಲೋರೈಡ್ ಒಂದು ಪಾಲು ನೀರಿನಲ್ಲಿ ಕರಗಿಸಿ, ಒಳಗೆ ನೈಟ್ರೋಜನ್ ಗುಳ್ಳೆ ಬಿಡುತ್ತಾ ಅಮೋನಿಯಾ ಸುರಿಯಬೇಕು. ಕಿತ್ತಳೆ ಬಣ್ಣದ ನೀರು ಕಣ್ಣೆದುರೇ ಮಸಿಯಾಗುತ್ತದೆ. ಬೀಕರಿನ ಕೆಳಗೆ ಮ್ಯಾಗ್ನೆಟ್ ಇಟ್ಟರೆ ಆ ಮಸಿಯೆಲ್ಲ ಒಂದೇ ಕಡೆ ಓಡಿಬಂದು ಕೂರುತ್ತದೆ, ಮೇಲೆ ತಿಳಿನೀರು. ತೊಳೆಯೋದು ಅದಕ್ಕೇ ಸುಲಭ. ಒಣಗಿಸುವಾಗ ಮಾತ್ರ ಎಡವಿದೆ. ಓವನ್‌ನಲ್ಲಿ ಇಟ್ಟ ಪುಡಿ ಅಂಚಿನಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಅದು ಮ್ಯಾಗ್ಹೆಮೈಟ್. ಹೆಮಟೈಟ್‌ನ ಹಾಗೆ ಎಲ್ಲ ಫೆರಿಕ್ಕೇ, ಆದರೆ ಹರಳಿನ ಚೌಕಟ್ಟು ಮ್ಯಾಗ್ನಟೈಟ್‌ನದೇ. ಹಳೇ ಆಡಿಯೋ ಕ್ಯಾಸೆಟ್ಟಿನ ಟೇಪಿನ ಕಂದು ಬಣ್ಣ ಇದೆಯಲ್ವಾ, ಇದೇ ಪುಡಿ ಅದು. ಮ್ಯಾಗ್ನೆಟ್ಟಿಗೆ ಇದೂ ಚೆನ್ನಾಗಿಯೇ ಅಂಟುತ್ತದೆ. ಆದ್ದರಿಂದ ಮ್ಯಾಗ್ನೆಟ್ ಹಿಡಿದು ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಎಕ್ಸ್‌ಆರ್‌ಡಿಯಲ್ಲಿ, ಅಂದರೆ ಎಕ್ಸ್‌ರೇ ಬಿಟ್ಟು ಹರಳಿನ ಗುರುತು ಹಿಡಿಯುವ ಯಂತ್ರದಲ್ಲಿ, ಗೊತ್ತಾಗುತ್ತೆ ಅಂದುಕೊಂಡೆ. ಅಲ್ಲೂ ಕಷ್ಟವೇ. ಮ್ಯಾಗ್ನಟೈಟ್‌ಗೂ ಮ್ಯಾಗ್ಹೆಮೈಟ್‌ಗೂ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಮೇಲಾಗಿ ನಮ್ಮ ಯಂತ್ರದ್ದು ತಾಮ್ರದ ಟ್ಯೂಬು. ತಾಮ್ರದ ಎಕ್ಸ್‌ರೇ ಬಿದ್ದರೆ ಕಬ್ಬಿಣ ತಾನೂ ಮಿನುಗುತ್ತದೆ, ಗ್ರಾಫಿನ ತಳವೆಲ್ಲ ಉಬ್ಬಿ ಸಣ್ಣ ಗೆರೆಗಳು ಅದರಲ್ಲೇ ಮುಳುಗಿಹೋಗುತ್ತವೆ. ಹೆಮಟೈಟ್ ಇದ್ದರೆ 33 ಡಿಗ್ರಿ ಕೋನದ ಹತ್ತಿರ ಒಂದು ಗೆರೆ ಏಳುತ್ತದೆ, ಅಷ್ಟನ್ನು ಮಾತ್ರ ನಂಬಬಹುದಿತ್ತು.

ಎರಡನೇ ಬಿಲ್ಲೆಯನ್ನು ಆರ್ಗಾನ್‌ನಲ್ಲಿ ಸುಟ್ಟೆ. ಟ್ಯೂಬ್ ಫರ್ನೇಸ್, ಎರಡೂ ಕಡೆ ಮುಚ್ಚಳ, ಒಂದು ಕಡೆಯಿಂದ ಆರ್ಗಾನ್ ಒಳಗೆ, ಇನ್ನೊಂದು ಕಡೆ ಎಣ್ಣೆಯ ಬಾಟಲಿಯಲ್ಲಿ ಗುಳ್ಳೆ. ಈ ಸಲ ಕಪ್ಪಗೆ ಬರಲೇಬೇಕು. ಬಂತು, ಆದರೆ ಮೇಲೆ ತೆಳುವಾದ ಕೆಂಪು ಸಿಪ್ಪೆ. ಉಗುರಿನಲ್ಲಿ ಕೆರೆದರೆ ಒಳಗೆ ಕಪ್ಪು. ಎಲ್ಲೋ ಲೀಕ್ ಇದೆ ಅಂತ ಎರಡು ದಿನ ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿ ಹುಡುಕಿದೆ. ಲೀಕ್ ಇರಲಿಲ್ಲ.

ಉತ್ತರ ಸಿಕ್ಕಿದ್ದು ಬಿಸಿ ಮತ್ತು ಆಮ್ಲಜನಕದ ಒಂದು ಹಳೇ ಗ್ರಾಫಿನಲ್ಲಿ. ಬಿಸಿ ಜಾಸ್ತಿ ಇದ್ದಷ್ಟೂ ಮ್ಯಾಗ್ನಟೈಟ್ ಹೆಚ್ಚು ಆಮ್ಲಜನಕ ತಡೆದುಕೊಳ್ಳುತ್ತದೆ. ಸುಮಾರು 1400 ಡಿಗ್ರಿ ದಾಟಿದರೆ ಬರೀ ಗಾಳಿಯಲ್ಲೂ ಹೆಮಟೈಟ್ ತಾನಾಗಿ ಮ್ಯಾಗ್ನಟೈಟ್ ಆಗಿಬಿಡುತ್ತದೆ! 1100ರಲ್ಲಿ ಹತ್ತು ಲಕ್ಷಕ್ಕೆ ಕೆಲವು ಹತ್ತು ಪಾಲು ಆಮ್ಲಜನಕ ಇದ್ದರೂ ನಡೆಯುತ್ತದೆ. ಆದರೆ 900ಕ್ಕೆ ಇಳಿಯುವಷ್ಟರಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಕೂಡ ಅದಕ್ಕೆ ಅತಿಯಾಗುತ್ತದೆ. ಸಿಲಿಂಡರ್ ಆರ್ಗಾನ್‌ನಲ್ಲಿ ಅಷ್ಟು ಕಸ ಇದ್ದೇ ಇರುತ್ತದೆ. ಅಂದರೆ ನನ್ನ ಬಿಲ್ಲೆ ಸುಡುವಾಗ ಕೆಟ್ಟಿರಲಿಲ್ಲ, ಆರುವಾಗ ಕೆಟ್ಟಿತ್ತು. ನಿಧಾನವಾಗಿ ತಣ್ಣಗಾದರೆ ಬಿರುಕು ಬಿಡಲ್ಲ ಅಂತ ನಾನೇ ಗಂಟೆಗೆ 60 ಡಿಗ್ರಿ ಅಂತ ಇಟ್ಟಿದ್ದೆ. ಕೆಡಲು ಬೇಕಾದಷ್ಟು ಸಮಯ ನಾನೇ ಕೊಟ್ಟ ಹಾಗಾಯಿತು.

ಸರ್ ಹತ್ತಿರ ಹೋಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಬೆರೆಸಿ ಬಿಟ್ಟರೆ ಆಮ್ಲಜನಕವನ್ನು ಬೇಕಾದಲ್ಲಿ ನಿಲ್ಲಿಸಬಹುದಂತೆ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಆ ಗ್ಯಾಸಿಗೆ ಈ ರೂಮಿನಲ್ಲಿ ಅಲಾರಂ ಇದೆಯಾ? ಇಲ್ಲ ಅಲ್ವಾ? ಹಾಗಾದ್ರೆ ಮಾತು ಮುಗೀತು." ಕೊನೆಗೆ ಕೈಹಿಡಿದದ್ದು ಅಕ್ಕ ಹೇಳಿದ ಉಪಾಯ. ಉಳಿದ ಮ್ಯಾಗ್ನಟೈಟ್ ಪುಡಿಯನ್ನು ಫರ್ನೇಸಿನೊಳಗೆ ಇಡುವ ದೋಣಿಯಾಕಾರದ ಪುಟ್ಟ ಪಾತ್ರೆಯಲ್ಲಿ ರಾಶಿ ಹಾಕಿ, ಬಿಲ್ಲೆಯನ್ನು ಅದರ ನಡುವೆ ಹೂತಿಡುವುದು. ಬರುವ ಆಮ್ಲಜನಕವನ್ನು ಮೊದಲು ಪುಡಿ ತಿನ್ನುತ್ತದೆ. ಆರಿಸುವುದನ್ನೂ ಬೇಗ ಮಾಡಿದೆ. ರಾಶಿಯ ಮೇಲ್ಭಾಗ ಕೆಂಪಾಗಿತ್ತು, ಬಿಲ್ಲೆ ಇಜ್ಜಿಲಿನ ಹಾಗೆ ಕಪ್ಪಗಿತ್ತು. ಹೀಗೆ ಮೂರು ಬಿಲ್ಲೆ ಮಾಡಿಟ್ಟುಕೊಂಡೆ. ಸಿಪ್ಪೆ ಬಂದಿದ್ದ ಹಳೆಯದನ್ನೂ ಎಮರಿ ಪೇಪರಿನಲ್ಲಿ ಉಜ್ಜಿ ಕಪ್ಪು ಮಾಡಿ ಜೊತೆಗಿಟ್ಟೆ. ಎಸೆಯಲು ಮನಸ್ಸಾಗಲಿಲ್ಲ. ಅದೇ ಮುಂದೆ ಹೆಚ್ಚು ಪಾಠ ಹೇಳಿತು.

ಇನ್ನು ರೋಧ. ಬಿಲ್ಲೆಯಿಂದ ಎರಡು ಮಿಲಿಮೀಟರ್ ದಪ್ಪ, ಮೂರು ಮಿಲಿಮೀಟರ್ ಅಗಲದ ಕಡ್ಡಿ ಕೊಯ್ದು, ಎರಡು ತುದಿಗೆ ಸಿಲ್ವರ್ ಪೇಸ್ಟ್ ಹಚ್ಚಿ ಮಲ್ಟಿಮೀಟರ್ ಇಟ್ಟೆ. 9 ಓಂ. ತಂತಿಯನ್ನು ಕೊಂಚ ಒತ್ತಿದರೆ 6. ಬಿಟ್ಟರೆ 11. ಇದು ಬಿಲ್ಲೆಯ ರೋಧವಲ್ಲ, ಪೇಸ್ಟು ಬಿಲ್ಲೆಗೆ ಸರಿಯಾಗಿ ಕೂತಿಲ್ಲದ್ದರ ರೋಧ. ನಾಲ್ಕು ತಂತಿ ಹಾಕಿದರೆ ಈ ಗೋಳು ತಪ್ಪುತ್ತದೆ. ಹೊರಗಿನ ಎರಡರಲ್ಲಿ ಕರೆಂಟು, ಒಳಗಿನ ಎರಡರಲ್ಲಿ ವೋಲ್ಟೇಜ್. ವೋಲ್ಟ್ ಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ, ಹಾಗಾಗಿ ಸಂಪರ್ಕದ ರೋಧ ಲೆಕ್ಕಕ್ಕೇ ಬರುವುದಿಲ್ಲ. ಒಳಗಿನ ತಂತಿಗಳ ನಡುವೆ 6 ಮಿಲಿಮೀಟರ್. 10 ಮಿಲಿಆಂಪಿಯರ್ ಬಿಟ್ಟಾಗ 1.8 ಮಿಲಿವೋಲ್ಟ್ ಬಂತು. 0.18 ಓಂ! 9 ಓಂನಲ್ಲಿ ನಿಜವಾಗಿ ಬಿಲ್ಲೆಯದು ಐವತ್ತರಲ್ಲಿ ಒಂದು ಪಾಲು. ಕರೆಂಟನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹರಿಸಿ ಸರಾಸರಿ ತೆಗೆದೆ. ಇಲ್ಲದಿದ್ದರೆ ನಾನು ಮುಂದೆ ಅಳೆಯಬೇಕಿದ್ದ ಸೀಬೆಕ್ ವೋಲ್ಟೇಜೇ ಬಂದು ಇದರಲ್ಲಿ ಕಲಬೆರಕೆಯಾಗುತ್ತದೆ.

ಕಡ್ಡಿಯ ಉದ್ದ, ದಪ್ಪದ ಲೆಕ್ಕ ತೆಗೆದರೆ ಉಳಿಯುವುದು ರೆಸಿಸ್ಟಿವಿಟಿ. ಮೂರು ಒಳ್ಳೆಯ ಬಿಲ್ಲೆಗಳಿಗೆ ಬಂದ ಆ ಅಂಕಿ ಸೆಂಟಿಮೀಟರ್ ಲೆಕ್ಕದಲ್ಲಿ 0.018, 0.031, 0.024 ಓಂ. ಸಿಪ್ಪೆ ಕೆರೆದದ್ದಕ್ಕೆ 0.021. ಒಂದೇ ಪುಡಿ, ಒಂದೇ ಫರ್ನೇಸು, ಅಂಕಿ ಮಾತ್ರ ಒಂದೊಂದಕ್ಕೆ ಒಂದೊಂದು. ಮ್ಯಾಗ್ನಟೈಟ್‌ನ ಒಂಟಿ ಹರಳಿನಲ್ಲಿ ಕೋಣೆಯ ಬಿಸಿಗೆ ಇದು 0.004ರಿಂದ 0.005 ಇರಬೇಕು. ನನ್ನದು ಸುಮಾರು ನಾಲ್ಕರಿಂದ ಏಳು ಪಟ್ಟು. ಮುರಿದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಒಳಗೆಲ್ಲ ತೂತು. ಕಣ ಕಣದ ನಡುವೆ ಗೆರೆ. ಕರೆಂಟು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಈ ತೂತುಗಳನ್ನೆಲ್ಲ ಸುತ್ತಿ ಬಳಸಿ, ಗೆರೆಗಳನ್ನೆಲ್ಲ ದಾಟಿ ಹೋಗಬೇಕು. ನಾನು ಅಳೆದದ್ದು ಮ್ಯಾಗ್ನಟೈಟ್ ಎಷ್ಟು, ಪುಡಿಯನ್ನು ಬಿಲ್ಲೆಯಾಗಿ ಒತ್ತಿದ ನನ್ನ ಪ್ರೆಸ್ಸಿನ ಕೆಲಸ ಎಷ್ಟು ಅಂತ ಬಿಡಿಸಿ ಹೇಳುವ ದಾರಿಯೇ ಇರಲಿಲ್ಲ.

ಸೀಬೆಕ್ ಅಳೆಯಲು ನಾವೇ ಒಂದು ಪುಟ್ಟ ಸೆಟಪ್ ಕಟ್ಟಿದ್ದೆವು. ಎರಡು ತಾಮ್ರದ ಗಟ್ಟಿ, ಒಂದರ ಕೆಳಗೆ ಸಣ್ಣ ಹೀಟರ್, ನಡುವೆ ಸೇತುವೆಯ ಹಾಗೆ ಬಿಲ್ಲೆಯ ಕಡ್ಡಿ. ಎರಡು ತುದಿಗೆ ಕೆ ಟೈಪ್ ಥರ್ಮೋಕಪಲ್, ಅಂದರೆ ಕ್ರೋಮೆಲ್ ಮತ್ತು ಅಲ್ಯೂಮೆಲ್ ಅನ್ನುವ ಎರಡು ಮಿಶ್ರಲೋಹದ ತಂತಿಗಳನ್ನು ತುದಿಯಲ್ಲಿ ಬೆಸೆದದ್ದು. ಥರ್ಮೋಕಪಲ್ ಬಿಸಿಯನ್ನೂ ಹೇಳುತ್ತದೆ. ಅದರದೇ ಒಂದೊಂದು ತಂತಿಯನ್ನು ಜೋಡಿಸಿದರೆ ವೋಲ್ಟೇಜೂ ಸಿಗುತ್ತದೆ. 5 ಡಿಗ್ರಿ ವ್ಯತ್ಯಾಸಕ್ಕೆ 385 ಮೈಕ್ರೋವೋಲ್ಟ್ ಬಂತು. ಬಿಸಿ ತುದಿ ಪ್ಲಸ್, ಅಂದರೆ ಓಡಾಡುವುದು ಎಲೆಕ್ಟ್ರಾನ್, ಗುಣಾಂಕ ಮೈನಸ್. ಮೈನಸ್ 77! ಓದಿದ ಅಂಕಿಗಳೆಲ್ಲ ಮೈನಸ್ 50ರಿಂದ 60ರ ಆಸುಪಾಸು. ನನ್ನ ಮ್ಯಾಗ್ನಟೈಟ್ ಎಲ್ಲರದಕ್ಕಿಂತ ಜೋರು ಅಂತ ಎದೆಯುಬ್ಬಿಸಿಕೊಂಡು ಸರ್‌ಗೆ ತೋರಿಸಿದೆ.

ಸರ್ ಕೇಳಿದ್ದು ಒಂದೇ ಮಾತು. "ಯಾವ ತಂತೀಲಿ ಅಳೆದೆ?"

"ಕ್ರೋಮೆಲ್ ಸರ್."

"ಅಲ್ಯೂಮೆಲ್‌ನಲ್ಲೂ ಅಳೆದುಕೊಂಡು ಬಾ."

ಅದೇ ಕಡ್ಡಿ, ಅದೇ 5 ಡಿಗ್ರಿ, ಇನ್ನೊಂದು ಜೋಡಿ ತಂತಿ. 185 ಮೈಕ್ರೋವೋಲ್ಟ್. ಅಂದರೆ ಮೈನಸ್ 37. ಒಂದೇ ಕಡ್ಡಿಗೆ ಎರಡು ಉತ್ತರ. ಕೆಳಗೆ ಕೂತು ಕಳೆದು ನೋಡಿದಾಗ ನಗು ಬಂತು. ವ್ಯತ್ಯಾಸ ಸರಿಯಾಗಿ 40. ಕೆ ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದೂ ಸುಮಾರು 40 ಮೈಕ್ರೋವೋಲ್ಟೇ! ಬಿಸಿ ತುದಿಯಿಂದ ತಣ್ಣನೆ ತುದಿಗೆ ಹೋಗುವುದು ಬಿಲ್ಲೆ ಒಂದೇ ಅಲ್ಲ, ತಂತಿಯೂ ಹೋಗುತ್ತದೆ. ತಂತಿಯಲ್ಲೂ ಸೀಬೆಕ್ ವೋಲ್ಟೇಜ್ ಹುಟ್ಟುತ್ತದೆ. ಕ್ರೋಮೆಲ್‌ನದು ಪ್ಲಸ್ 22ರ ಹತ್ತಿರ, ಅಲ್ಯೂಮೆಲ್‌ನದು ಮೈನಸ್ 18ರ ಹತ್ತಿರ. ತಂತಿಯದನ್ನು ಕೂಡಿಸಿ ಸರಿಮಾಡಿದರೆ ಎರಡೂ ದಾರಿಯಲ್ಲಿ ಮೈನಸ್ 55. ನನ್ನ ಮ್ಯಾಗ್ನಟೈಟ್ ಎಲ್ಲರ ಮನೆಯ ಮ್ಯಾಗ್ನಟೈಟ್ ತರಹವೇ ಇತ್ತು. ಅವತ್ತಿನಿಂದ ಎರಡೂ ಜೋಡಿಯಲ್ಲಿ ಅಳೆಯುವುದು ರೂಢಿಯಾಯಿತು. ವ್ಯತ್ಯಾಸ 40 ಬರದಿದ್ದರೆ ಎಲ್ಲೋ ಪೇಸ್ಟು ಬಿಟ್ಟಿದೆ ಅಂತಲೇ ಅರ್ಥ.

ಇನ್ನೆರಡು ಸಣ್ಣ ತಂಟೆಗಳಿದ್ದವು. ಹೀಟರ್ ಆನ್ ಮಾಡುವ ಮೊದಲೇ ಮೀಟರಿನಲ್ಲಿ 12 ಮೈಕ್ರೋವೋಲ್ಟ್ ಇರುತ್ತಿತ್ತು, ಜಾಯಿಂಟುಗಳ ಕೃಪೆ. ಅದಕ್ಕೇ ಒಂದೇ ಅಂಕಿಯನ್ನು ಭಾಗಿಸಬಾರದು. 1, 2, 3 ಅಂತ 6 ಡಿಗ್ರಿವರೆಗೆ ಏರಿಸಿ ಗೆರೆ ಎಳೆದು ಅದರ ಓಟ ನೋಡಬೇಕು. ಇನ್ನೊಂದು, ದಪ್ಪ ಥರ್ಮೋಕಪಲ್ ತಾನೇ ಬಿಸಿಯನ್ನು ಹೀರಿಕೊಂಡು ಹೋಗಿ, ತಾನು ಮುಟ್ಟಿದ ಜಾಗವನ್ನೇ ತಣ್ಣಗೆ ಮಾಡಿಬಿಡುತ್ತದೆ. ತೆಳು ತಂತಿ ಹಾಕಿದ ಮೇಲೆ ಸರಿಯಾಯಿತು. ಸೆಟಪ್ ನಂಬಬಹುದೋ ಇಲ್ಲವೋ ಅಂತ ಕಾನ್ಸ್ಟಂಟನ್ ಅನ್ನುವ ಮಿಶ್ರಲೋಹದ ಒಂದು ತುಂಡು ಅಳೆದೆ. ಮೈನಸ್ 39 ಬರಬೇಕಿತ್ತು, 38 ಬಂತು. ನಮ್ಮ ಕೈಕಸುಬಿಗೆ ಅದು ಸಾಕು.

ಆಮೇಲೆ ಉಳಿದ ಬಿಲ್ಲೆಗಳನ್ನು ಸಾಲಾಗಿ ಅಳೆದೆ. ಮೈನಸ್ 55, 54, 56. ರೋಧದಲ್ಲಿ ಒಂದಕ್ಕೊಂದು ಹೊಂದದೆ ನನ್ನ ನಿದ್ದೆ ಕೆಡಿಸಿದ್ದ ಮೂರೂ ಬಿಲ್ಲೆ ಇಲ್ಲಿ ಒಂದೇ ತಾಯಿಯ ಮಕ್ಕಳ ಹಾಗೆ ಕೂತಿದ್ದವು. ಸೀಬೆಕ್ ಅಳೆಯುವಾಗ ಕರೆಂಟು ಹರಿಯುವುದೇ ಇಲ್ಲ. ದಾರಿಯಲ್ಲಿ ತೂತಿದ್ದರೇನು, ಗೆರೆಯಿದ್ದರೇನು, ಅದಕ್ಕೆ ಹೆಚ್ಚು ಫರಕು ಬೀಳುವುದಿಲ್ಲ.

ನಾಲ್ಕನೆಯದು, ಸಿಪ್ಪೆ ಕೆರೆದದ್ದು, ಮೈನಸ್ 66.

ಮೂರು ಸಲ ಅಳೆದೆ. ಎರಡೂ ಜೋಡಿ ತಂತಿ. ವ್ಯತ್ಯಾಸ 40 ಸರಿಯಾಗಿಯೇ ಬರುತ್ತಿತ್ತು. ರೋಧ ಅಳೆದಾಗ ಇದು ಉಳಿದವುಗಳ ನಡುವೆಯೇ ಸುಮ್ಮನೆ ಕೂತಿತ್ತು, ಎಕ್ಸ್‌ಆರ್‌ಡಿಯಲ್ಲೂ ಬೇರೆಯಾಗಿ ಕಂಡಿರಲಿಲ್ಲ. ಸೀಬೆಕ್ ಮಾತ್ರ ಹಿಡಿದುಕೊಟ್ಟಿತು. ಯಾಕೆಂದರೆ ಅದು ಮುಖ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಎಲೆಕ್ಟ್ರಾನ್ ಹಾರಾಡುವ ಜಾಗಗಳಲ್ಲಿ ಒಂದು ಫೆರಸ್‌ಗೆ ಎಷ್ಟು ಫೆರಿಕ್? ಹೈಕ್ಸ್ ಅವರ ಸೂತ್ರ ಅಂತಾರೆ. 86 ಮೈಕ್ರೋವೋಲ್ಟ್ ಅನ್ನುವ ಒಂದು ಸ್ಥಿರ ಅಂಕಿ, ಅದಕ್ಕೆ ಈ ಪ್ರಮಾಣದ ಎರಡು ಪಟ್ಟಿನ ನ್ಯಾಚುರಲ್ ಲಾಗರಿದಮ್ ಗುಣಿಸಿದರೆ ಆಯಿತು. ಮ್ಯಾಗ್ನಟೈಟ್‌ನಲ್ಲಿ ಆ ಜಾಗಗಳಲ್ಲಿ ಒಂದಕ್ಕೆ ಒಂದು ಇರುವುದರಿಂದ (ಉಳಿದ ಫೆರಿಕ್ ಬೇರೆ ಬಗೆಯ ಜಾಗದಲ್ಲಿ ಕೂತಿರುತ್ತದೆ) ಸುಮಾರು 60 ಬರುತ್ತದೆ. ಕಡ್ಡಿಯ ಉದ್ದ ಬೇಡ, ದಪ್ಪ ಬೇಡ. ನನಗೆ 60 ಬಿಟ್ಟು 55 ಬಂದದ್ದು ತಪ್ಪೇನಲ್ಲ. ಸೂತ್ರ ಎಲೆಕ್ಟ್ರಾನ್‌ಗಳನ್ನು ಒಂದರ ಗೊಡವೆ ಇನ್ನೊಂದಕ್ಕಿಲ್ಲದ ಹಾಗೆ ಎಣಿಸುತ್ತದೆ, ನಿಜದಲ್ಲಿ ಅವು ಅಷ್ಟು ನಿರಾಳವಾಗಿಲ್ಲ. ಫೆರಸ್ ಕಡಿಮೆಯಾದರೆ ಅಂಕಿ ಏರುತ್ತದೆ. 66 ಅಂದರೆ ಆ ಬಿಲ್ಲೆಯ ಸಿಪ್ಪೆ ಮಾತ್ರವಲ್ಲ, ಒಳಮೈಗೂ ಆಮ್ಲಜನಕ ಇಳಿದಿತ್ತು.

ಇದೇ ಉಪಾಯವನ್ನು 1981ರಲ್ಲೇ ವೂ ಮತ್ತು ಮೇಸನ್ ಅನ್ನುವವರು ಇನ್ನೂ ಮುಂದಕ್ಕೆ ಒಯ್ದಿದ್ದರು. ಮ್ಯಾಗ್ನಟೈಟ್‌ನಲ್ಲಿ ಕಬ್ಬಿಣ ಕೂರುವ ಜಾಗ ಎರಡು ಬಗೆ. ತಣ್ಣಗಿದ್ದಾಗ ಫೆರಸ್ ಎಲ್ಲ ಒಂದೇ ಬಗೆಯ ಜಾಗದಲ್ಲಿರುತ್ತದೆ, ಬಿಸಿ ಏರಿದಂತೆ ಎರಡರಲ್ಲೂ ಹಂಚಿಹೋಗುತ್ತದೆ. ಪೂರ್ತಿ ಕಲೆತರೆ ಸೂತ್ರದ ಪ್ರಕಾರ 60 ಇದ್ದದ್ದು 119 ಆಗಬೇಕು. ಅವರು ಫರ್ನೇಸಿನ ಬಿಸಿಯಲ್ಲೇ ಸೀಬೆಕ್ ಅಳೆದು, ಎಷ್ಟು ಕಬ್ಬಿಣ ಎಲ್ಲೆಲ್ಲಿ ಕೂತಿದೆ ಅಂತ ಎಣಿಸಿದರು. ಎರಡು ತಂತಿ, ಒಂದು ವೋಲ್ಟ್ ಮೀಟರ್ ಇಟ್ಟುಕೊಂಡು ಅಣುಗಳ ಜನಗಣತಿ! ಓದಿದ ದಿನ ನನಗೆ ಹೊಟ್ಟೆಕಿಚ್ಚೇ ಆಯಿತು.

ಅಂದಹಾಗೆ, ಇದರಿಂದ ಕರೆಂಟು ತಯಾರಿಸಬಹುದಾ ಅಂತ ಕೇಳುವವರಿಗೆ: ಮರೆತುಬಿಡಿ. ಸೀಬೆಕ್‌ನ ವರ್ಗವನ್ನು ರೆಸಿಸ್ಟಿವಿಟಿಯಿಂದ ಭಾಗಿಸಿದರೆ ಬರುವ ಪವರ್ ಫ್ಯಾಕ್ಟರ್ ನನ್ನ ಒಳ್ಳೆಯ ಬಿಲ್ಲೆಯಲ್ಲೇ, ಈ ಕೆಲಸಕ್ಕೆ ಬಳಸುವ ಬಿಸ್ಮತ್ ಟೆಲುರೈಡ್‌ಗಿಂತ ಇನ್ನೂರು ಪಟ್ಟು ಕಡಿಮೆ. ಮ್ಯಾಗ್ನಟೈಟ್ ಅಗ್ಗ, ವಿಷವಲ್ಲ, ಎಲ್ಲೆಲ್ಲೂ ಸಿಗುತ್ತದೆ. ಆದರೂ ಇನ್ನೂರು ಪಟ್ಟು ಅನ್ನುವುದು ಸಣ್ಣ ಮಾತಲ್ಲ.

ಕೊನೆಯ ಕೆಲಸ ತಣ್ಣನೆಯದು. 1939ರಲ್ಲಿ ನೆದರ್ಲೆಂಡ್ಸ್‌ನ ಫಿಲಿಪ್ಸ್ ಲ್ಯಾಬಿನಲ್ಲಿದ್ದ ವರ್ವೆ ಒಂದು ವಿಷಯ ತೋರಿಸಿದ್ದರು. ಮ್ಯಾಗ್ನಟೈಟನ್ನು ಸುಮಾರು 120 ಕೆಲ್ವಿನ್‌ಗೆ, ಅಂದರೆ ಸೊನ್ನೆ ಸೆಲ್ಸಿಯಸ್‌ಗಿಂತ ನೂರೈವತ್ತು ಡಿಗ್ರಿಯಷ್ಟು ಕೆಳಗೆ, ಇಳಿಸಿದರೆ ರೋಧ ಒಮ್ಮೆಗೇ ನೂರು ಪಟ್ಟು ಜಿಗಿಯುತ್ತದೆ. ಹಾರಾಡುತ್ತಿದ್ದ ಎಲೆಕ್ಟ್ರಾನ್‌ಗಳು ಸಾಲಾಗಿ ತಂತಮ್ಮ ಜಾಗ ಹಿಡಿದು ಕೂತುಬಿಡುತ್ತವೆ ಅಂತ ಅವರ ವಿವರಣೆ. ಹೇಗೆ ಕೂರುತ್ತವೆ ಅನ್ನುವ ಜಗಳ ಎಪ್ಪತ್ತು ವರ್ಷ ನಡೆಯಿತು. 2012ರಲ್ಲಿ ಎಕ್ಸ್‌ರೇ ಹಾಕಿ ನೋಡಿದಾಗ, ಒಂದೊಂದು ಎಲೆಕ್ಟ್ರಾನನ್ನು ಸಾಲಿನಲ್ಲಿರುವ ಮೂರು ಕಬ್ಬಿಣ ಹಂಚಿಕೊಂಡಿರುವುದು ಕಂಡಿತು. ಟ್ರೈಮೆರಾನ್ ಅಂತ ಹೆಸರಿಟ್ಟರು.

ನಮ್ಮಲ್ಲಿದ್ದದ್ದು ಒಂದು ಫ್ಲಾಸ್ಕ್ ದ್ರವ ನೈಟ್ರೋಜನ್, 77 ಕೆಲ್ವಿನ್. ಉದ್ದನೆ ಕೋಲಿನ ತುದಿಗೆ ಬಿಲ್ಲೆ ಕಟ್ಟಿ ಇಳಿಸುವುದು. ಮೊದಲ ಸಲ ಇಳಿಯುವಾಗ ಜಿಗಿತ 113ರಲ್ಲಿ, ಹತ್ತುವಾಗ 125ರಲ್ಲಿ. ಇದೇನೋ ಹೊಸದು ಅಂತ ಅನ್ನಿಸಿದರೂ ಈ ಹೊತ್ತಿಗೆ ಬುದ್ಧಿ ಬಂದಿತ್ತು, ಯಾರಿಗೂ ಹೇಳಲಿಲ್ಲ. ಸೆನ್ಸರ್ ಒಂದು ಕಡೆ, ಬಿಲ್ಲೆ ಒಂದು ಕಡೆ, ಎರಡೂ ಒಂದೇ ವೇಗದಲ್ಲಿ ತಣ್ಣಗಾಗುತ್ತಿರಲಿಲ್ಲ ಅಷ್ಟೇ. ನಿಮಿಷಕ್ಕೆ ಅರ್ಧ ಡಿಗ್ರಿಗೆ ಇಳಿಸಿದೆ. ಮಧ್ಯಾಹ್ನ ಶುರುವಾದದ್ದು ಕತ್ತಲಾದ ಮೇಲೆ ಮುಗಿಯಿತು. ಜಿಗಿತ 118ಕ್ಕೂ 119ಕ್ಕೂ ಬಂದು ನಿಂತಿತು. ನೂರು ಪಟ್ಟಲ್ಲ, ಸುಮಾರು ಹದಿನೈದು ಪಟ್ಟು, ಅದೂ ಏಳೆಂಟು ಡಿಗ್ರಿ ಅಗಲಕ್ಕೆ ಹರಡಿಕೊಂಡು. ತೂತುಬಿಲ್ಲೆಯಿಂದ ಅದಕ್ಕಿಂತ ಹೆಚ್ಚು ಕೇಳುವ ಹಾಗಿರಲಿಲ್ಲ. ಆದರೂ ಸ್ಕ್ರೀನಿನ ಮೇಲೆ ಆ ಗೆರೆ ಏಳತೊಡಗಿದಾಗ ಅಕ್ಕನನ್ನು ಕೂಗಿ ಕರೆದೆ.

ಮರುದಿನ ಮೈನಸ್ 66ರ ಬಿಲ್ಲೆ. ಸ್ವಲ್ಪ ಆಮ್ಲಜನಕ ಹೆಚ್ಚಾದರೂ ಈ ಜಿಗಿತ ಕೆಳಗೆ ಜಾರಿ ಮೊಂಡಾಗುತ್ತದೆ, ಇನ್ನೂ ಹೆಚ್ಚಾದರೆ ಮಾಯವೇ ಆಗುತ್ತದೆ ಅಂತ ಓದಿದ್ದೆ. 118 ದಾಟಿತು, ಏನೂ ಆಗಲಿಲ್ಲ. 110, ಏನೂ ಇಲ್ಲ. 100ರ ಹತ್ತಿರ ಗೆರೆ ಸಣ್ಣಗೆ ಬಾಗಿತು, ಜಿಗಿಯಲಿಲ್ಲ. ಸೀಬೆಕ್ ಹೇಳಿದ್ದನ್ನೇ ಇದೂ ಹೇಳುತ್ತಿತ್ತು. ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳೋಣ ಅಂತ ಮೇಲೆ ಎತ್ತಿ ಮತ್ತೆ ಇಳಿಸಿದೆ. 104ರಲ್ಲಿ ಸಿಲ್ವರ್ ಪೇಸ್ಟ್ ಬಿರುಕು ಬಿಟ್ಟು ಒಂದು ತಂತಿ ಕಿತ್ತು ಬಂತು. ಅಷ್ಟು ಹೊತ್ತಿಗೆ ಫ್ಲಾಸ್ಕಿನಲ್ಲಿ ನೈಟ್ರೋಜನ್ನೂ ತಳ ಹಿಡಿದಿತ್ತು. ಆ ಬಿಲ್ಲೆಗೆ ನನ್ನ ಹತ್ತಿರ ಇರುವುದು ಒಂದೇ ಗ್ರಾಫು.